ಮೈಕಿನ ಸೆಲ್ಲಿಗೂ ಬೇಕು ಆರೈಕೆ



ನಿಮ್ಮ ಶಾಲೆಯಲ್ಲಿ ಎರಡು ಬಗೆಯ ಮೈಕುಗಳಿದ್ದರೆ ಶಿಕ್ಷಕರ ಅನುಮತಿ ಪಡೆದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿರಿ. ಒಂದು ತಂತಿಯ ಮೈಕ್, ಇನ್ನೊಂದು ತಂತಿಯಿಲ್ಲದ ಮೈಕ್. ಎರಡನೆಯದನ್ನು ನಾವು ಕಾರ್ಡ್‌ಲೆಸ್ ಮೈಕ್ ಎನ್ನುತ್ತೇವೆ. ಅದರ ಹಿಡಿಯನ್ನು ತಿರುಗಿಸಿ ತೆಗೆದರೆ ಒಳಗೆ ಸೆಲ್ಲುಗಳಿರುತ್ತವೆ. ತಂತಿಯ ಮೈಕಿನಲ್ಲಿ ಸಾಮಾನ್ಯವಾಗಿ ಸೆಲ್ ಇರುವುದಿಲ್ಲ. ಎರಡೂ ಮಾಡುವ ಕೆಲಸ ಒಂದೇ ಆದರೂ ಒಂದಕ್ಕೆ ಸೆಲ್ ಏಕೆ ಬೇಕು, ಇನ್ನೊಂದಕ್ಕೆ ಏಕೆ ಬೇಡ?

ಈ ಪ್ರಶ್ನೆ ಸಣ್ಣದಲ್ಲ. ಶಾಲೆಗಳಿಗೆ ಭೇಟಿ ಕೊಟ್ಟಾಗ ಕಪಾಟಿನ ಮೂಲೆಯಲ್ಲಿ ಧೂಳು ಹಿಡಿದು ಕುಳಿತ ಕಾರ್ಡ್‌ಲೆಸ್ ಮೈಕುಗಳನ್ನು ನೋಡುತ್ತಿರುತ್ತೇನೆ. 'ಕೆಟ್ಟುಹೋಗಿದೆ ಸರ್' ಎಂಬ ಉತ್ತರ ಬರುತ್ತದೆ. ತೆರೆದು ನೋಡಿದರೆ ಹಲವು ಸಲ ಮೈಕ್ ಕೆಟ್ಟಿರುವುದಿಲ್ಲ, ಒಳಗಿನ ಸೆಲ್ ಕೆಟ್ಟಿರುತ್ತದೆ. ಸೆಲ್ ಕೆಡುವುದು ಹಣೆಬರಹವಲ್ಲ. ಅದನ್ನು ನಾವು ನಡೆಸಿಕೊಂಡ ರೀತಿಯ ಫಲ. ಕಾರ್ಯಕ್ರಮದ ನಡುವೆ ಮೈಕ್ ನಿಂತರೆ ಅತಿಥಿಗಳ ಭಾಷಣಕ್ಕೆ ತೊಂದರೆಯಿಲ್ಲ, ಅದು ಮೊದಲೇ ಮುಗಿದಿರುತ್ತದೆ! ನಷ್ಟವಾಗುವುದು ಕೊನೆಯಲ್ಲಿ ಹಾಡಬೇಕಾದ, ಮೆಲುದನಿಯ ನಿಮ್ಮ ಗೆಳತಿಗೆ. ಆದ್ದರಿಂದ ಈ ಪುಟ್ಟ ಸೆಲ್ಲಿನ ಒಳಗೆ ಏನು ನಡೆಯುತ್ತದೆ ಎಂಬುದನ್ನು ತಿಳಿಯೋಣ.

ತಂತಿಯ ಮೈಕಿಗೆ ಸೆಲ್ ಏಕೆ ಬೇಡ?

ಶಾಲೆಗಳಲ್ಲಿ ಬಳಸುವ ತಂತಿಯ ಮೈಕಿನ ಒಳಗೆ ಒಂದು ತೆಳುವಾದ ಪೊರೆ, ಅದಕ್ಕೆ ಅಂಟಿಸಿದ ತಂತಿಯ ಸುರುಳಿ ಮತ್ತು ಒಂದು ಅಯಸ್ಕಾಂತ ಇರುತ್ತವೆ. ನೀವು ಮಾತನಾಡಿದಾಗ ಗಾಳಿ ಕಂಪಿಸುತ್ತದೆ, ಪೊರೆಯೂ ಕಂಪಿಸುತ್ತದೆ. ಸುರುಳಿಯು ಅಯಸ್ಕಾಂತದ ಬಳಿ ಹಿಂದೆ ಮುಂದೆ ಚಲಿಸುತ್ತದೆ. ಹೀಗೆ ಚಲಿಸುವ ಸುರುಳಿಯಲ್ಲಿ ವಿದ್ಯುತ್ ಉಂಟಾಗುತ್ತದೆ ಎಂಬುದನ್ನು ಮೈಕೇಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟರು. ಅಂದರೆ ನಿಮ್ಮ ದನಿಯೇ ಅಲ್ಲಿ ಚಿಕ್ಕ ವಿದ್ಯುತ್ ಪ್ರವಾಹವನ್ನು ಹುಟ್ಟಿಸುತ್ತದೆ. ಅದು ತಂತಿಯ ಮೂಲಕ ಆಂಪ್ಲಿಫೈಯರ್ ತಲುಪುತ್ತದೆ. ಪ್ರತ್ಯೇಕ ಸೆಲ್ ಬೇಕಾಗುವುದಿಲ್ಲ.

ಕಾರ್ಡ್‌ಲೆಸ್ ಮೈಕಿಗೆ ತಂತಿಯಿಲ್ಲ. ಆದ್ದರಿಂದ ಅದು ದನಿಯ ಸಂಕೇತವನ್ನು ರೇಡಿಯೋ ತರಂಗಗಳ ಮೂಲಕ ಕಳುಹಿಸಬೇಕು. ನಿಮ್ಮ ಕೈಯಲ್ಲಿರುವುದು ಬರಿಯ ಮೈಕ್ ಅಲ್ಲ, ಒಂದು ಪುಟ್ಟ ರೇಡಿಯೋ ಕೇಂದ್ರ! ತರಂಗಗಳನ್ನು ಹೊರಡಿಸಲು ಶಕ್ತಿ ಬೇಕು. ಆ ಶಕ್ತಿಯನ್ನು ಸೆಲ್ ಕೊಡುತ್ತದೆ.

ಇಲ್ಲಿಯೇ ಒಂದು ಉಪಯುಕ್ತ ಮಾತು. ಹಲವು ಮೈಕುಗಳಲ್ಲಿ 'ಮ್ಯೂಟ್' ಎಂಬ ಸ್ಥಾನವಿರುತ್ತದೆ. ಮ್ಯೂಟ್ ಮಾಡಿದಾಗ ದನಿ ಮಾತ್ರ ನಿಲ್ಲುತ್ತದೆ. ರೇಡಿಯೋ ತರಂಗಗಳು ಹೊರಡುತ್ತಲೇ ಇರುತ್ತವೆ, ಸೆಲ್ ಖರ್ಚಾಗುತ್ತಲೇ ಇರುತ್ತದೆ. ಕೆಲಸ ಮುಗಿದ ಮೇಲೆ ಮೈಕನ್ನು ಪೂರ್ತಿ 'ಆಫ್' ಮಾಡಬೇಕು.

ಸೆಲ್ ಎಂದರೆ ನೀರಿನ ಕೊಡವಲ್ಲ

'ಸೆಲ್ಲಿಗೆ ಕರೆಂಟ್ ತುಂಬಿಸಬೇಕು' ಎಂದು ನಾವು ಹೇಳುತ್ತೇವೆ. ಕೊಡಕ್ಕೆ ನೀರು ತುಂಬಿಸಿದಂತೆ ಸೆಲ್ಲಿಗೆ ವಿದ್ಯುತ್ತನ್ನು ಸುರಿಯಲು ಬರುವುದಿಲ್ಲ. ಸೆಲ್ಲಿನಲ್ಲಿ ಇರುವುದು ರಾಸಾಯನಿಕ ವಸ್ತುಗಳು. ಅವುಗಳ ನಡುವೆ ರಾಸಾಯನಿಕ ಕ್ರಿಯೆ ನಡೆದಾಗ ವಿದ್ಯುತ್ ಪ್ರವಾಹ ದೊರೆಯುತ್ತದೆ. ಟಾರ್ಚಿಗೆ ಹಾಕುವ ಸಾಮಾನ್ಯ ಶುಷ್ಕ ಕೋಶದಲ್ಲಿ ಸತುವು ಈ ಕ್ರಿಯೆಯಲ್ಲಿ ಬಳಕೆಯಾಗುತ್ತದೆ. ಕ್ರಿಯೆ ಮುಗಿದರೆ ಸೆಲ್ಲಿನ ಆಯುಷ್ಯವೂ ಮುಗಿಯಿತು. ಉರಿದ ಸೌದೆ ಮತ್ತೆ ಸೌದೆಯಾಗುವುದಿಲ್ಲ, ಅಲ್ಲವೇ?

ಕೆಲವು ಕೋಶಗಳಲ್ಲಿ ಮಾತ್ರ ಈ ಕ್ರಿಯೆಯನ್ನು ಹಿಮ್ಮುಖವಾಗಿ ನಡೆಸಬಹುದು. ಹೊರಗಿನಿಂದ ವಿದ್ಯುತ್ತನ್ನು ಎದುರು ದಿಕ್ಕಿನಲ್ಲಿ ಹಾಯಿಸಿದರೆ ಒಳಗಿನ ವಸ್ತುಗಳು ಮೊದಲಿನ ಸ್ಥಿತಿಗೆ ಮರಳುತ್ತವೆ. ಇದೇ ಚಾರ್ಜ್ ಮಾಡುವುದು. ಇಂಥ ಕೋಶವನ್ನು ಮೊದಲು ತಯಾರಿಸಿದವರು ಫ್ರಾನ್ಸಿನ ಗಾಸ್ತೋ ಪ್ಲಾಂಟೆ. ವರ್ಷ 1859. ಅವರು ಬಳಸಿದ್ದು ಸೀಸದ ಹಾಳೆಗಳು ಮತ್ತು ಸಲ್ಫ್ಯೂರಿಕ್ ಆಮ್ಲ. ಇಂದಿಗೂ ಟ್ರ್ಯಾಕ್ಟರ್ ಮತ್ತು ಬಸ್ಸುಗಳ ಬ್ಯಾಟರಿ ಇದೇ ತತ್ತ್ವದ ಮೇಲೆ ಕೆಲಸ ಮಾಡುತ್ತದೆ.

ಹಿಮ್ಮುಖ ಕ್ರಿಯೆ ಪ್ರತಿ ಸಲವೂ ನೂರಕ್ಕೆ ನೂರು ಸರಿಯಾಗಿ ನಡೆಯುವುದಿಲ್ಲ. ಪ್ರತಿ ಬಾರಿಯೂ ಒಳಗೆ ಅಷ್ಟಿಷ್ಟು ಸವೆತ ಆಗುತ್ತದೆ. ಅದಕ್ಕೇ ಚಾರ್ಜ್ ಆಗುವ ಸೆಲ್ಲಿಗೂ ಒಂದು ಆಯುಷ್ಯವಿದೆ. ಆ ಸವೆತವನ್ನು ಕಡಿಮೆ ಮಾಡುವುದೇ ಆರೈಕೆ. ಸವೆತವನ್ನು ಹೆಚ್ಚಿಸುವ ಮುಖ್ಯ ಶತ್ರುಗಳು ಮೂರು: ಅತಿಯಾದ ಬಿಸಿ, ಅತಿಯಾದ ಚಾರ್ಜ್ ಮತ್ತು ಅತಿಯಾಗಿ ಖಾಲಿಯಾಗುವುದು.

ನಿಮ್ಮ ಮೈಕಿನಲ್ಲಿ ಯಾವ ಸೆಲ್ ಇದೆ?

ಮೊದಲು ಸೆಲ್ಲಿನ ಮೈಮೇಲೆ ಬರೆದಿರುವುದನ್ನು ಓದಿ. ಮೈಕುಗಳಲ್ಲಿ ಹೆಚ್ಚಾಗಿ ಕಾಣುವುದು ಈ ಮೂರು ಬಗೆ.

1. ಸಾಮಾನ್ಯ ಅಥವಾ ಆಲ್ಕಲೈನ್ ಸೆಲ್: ಅಂಗಡಿಯಲ್ಲಿ ನಾವು 'ಪೆನ್ಸಿಲ್ ಸೆಲ್' ಎಂದು ಕೇಳಿ ತರುವುದು. 1.5 ವೋಲ್ಟ್. ಇದನ್ನು ಚಾರ್ಜ್ ಮಾಡಬಾರದು.

2. ನಿಕಲ್ ಮೆಟಲ್ ಹೈಡ್ರೈಡ್ ಸೆಲ್: ನೋಡಲು ಪೆನ್ಸಿಲ್ ಸೆಲ್ಲಿನಂತೆಯೇ ಇರುತ್ತದೆ. ಆದರೆ 1.2 ವೋಲ್ಟ್ ಎಂದೂ 'ರೀಚಾರ್ಜಬಲ್' ಎಂದೂ ಮುದ್ರಿಸಿರುತ್ತಾರೆ. ಇದರ ಒಂದು ಅಗ್ರದಲ್ಲಿರುವ ಮಿಶ್ರಲೋಹವು ಸ್ಪಂಜು ನೀರನ್ನು ಹಿಡಿದಿಟ್ಟುಕೊಳ್ಳುವಂತೆ ಹೈಡ್ರೋಜನ್ನನ್ನು ಹಿಡಿದಿಟ್ಟುಕೊಳ್ಳುತ್ತದೆ. ಇನ್ನೊಂದು ಅಗ್ರದಲ್ಲಿ ನಿಕಲ್ಲಿನ ಸಂಯುಕ್ತ ಇರುತ್ತದೆ.

3. ಲಿಥಿಯಂ ಅಯಾನ್ ಬ್ಯಾಟರಿ: ಮೊಬೈಲಿನಲ್ಲಿರುವ ಬಗೆ. ಮೈಕಿನೊಳಗೇ ಕೂರಿಸಿರುತ್ತಾರೆ. ಸಾಮಾನ್ಯವಾಗಿ 3.7 ವೋಲ್ಟ್ ಎಂದು ಬರೆದಿರುತ್ತದೆ. ಇದರಲ್ಲಿ ಲಿಥಿಯಂ ಅಯಾನುಗಳು ಮಗ್ಗದ ಲಾಳಿಯಂತೆ ಒಂದು ಅಗ್ರದಿಂದ ಇನ್ನೊಂದಕ್ಕೆ ಓಡಾಡುತ್ತವೆ. ಬಳಸುವಾಗ ಒಂದು ಕಡೆಗೆ, ಚಾರ್ಜ್ ಮಾಡುವಾಗ ಇನ್ನೊಂದು ಕಡೆಗೆ. ಇದನ್ನು ಅಭಿವೃದ್ಧಿಪಡಿಸಿದ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೊ ಅವರಿಗೆ 2019ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಬಹುಮಾನ ದೊರೆಯಿತು. ಆಗ ಗುಡ್‌ಇನಫ್ ಅವರ ವಯಸ್ಸು 97!

ಮೊದಲ ಬಗೆಯನ್ನು ಚಾರ್ಜರಿಗೆ ಹಾಕಿದರೆ ಏನಾಗುತ್ತದೆ? ಅದರ ಕ್ರಿಯೆ ಸರಿಯಾಗಿ ಹಿಮ್ಮುಖವಾಗುವುದಿಲ್ಲ. ಒಳಗೆ ಅನಿಲ ಉಂಟಾಗಿ ಒತ್ತಡ ಏರುತ್ತದೆ. ಸೆಲ್ ಸೋರಬಹುದು, ಸಿಡಿಯಲೂಬಹುದು. ಆದ್ದರಿಂದ 'ರೀಚಾರ್ಜಬಲ್' ಎಂಬ ಪದ ಇಲ್ಲದ ಸೆಲ್ಲನ್ನು ಚಾರ್ಜರಿನ ಹತ್ತಿರವೂ ತರಬೇಡಿ.

ಎಷ್ಟು ಗಂಟೆ ಚಾರ್ಜ್ ಮಾಡಬೇಕು? ಲೆಕ್ಕ ಹಾಕೋಣ

ನಿಕಲ್ ಸೆಲ್ಲಿನ ಮೇಲೆ 2000 ಎಂ.ಎ.ಎಚ್. ಎಂದು ಬರೆದಿದೆ ಎನ್ನಿ. ಅಂದರೆ 2000 ಮಿಲಿ ಆಂಪಿಯರ್ ಗಂಟೆ. ಇದು ಸೆಲ್ಲಿನ ಸಾಮರ್ಥ್ಯ. ಮೈಕ್ 200 ಮಿಲಿ ಆಂಪಿಯರ್ ಪ್ರವಾಹ ಬಳಸುವುದಾದರೆ,

2000 ÷ 200 = 10 ಗಂಟೆ

ಮೈಕ್ ಸುಮಾರು 10 ಗಂಟೆ ಕೆಲಸ ಮಾಡುತ್ತದೆ. ದಿನವೂ ಪ್ರಾರ್ಥನೆಗೆ 20 ನಿಮಿಷ ಬಳಸಿದರೆ ವಾರದ 6 ದಿನಗಳಿಗೆ 2 ಗಂಟೆ. ಹಾಗಾದರೆ 5 ವಾರ ಬರಬೇಕು. ಆದರೆ ಬರುವುದಿಲ್ಲ! ಏಕೆಂದರೆ ನಿಕಲ್ ಸೆಲ್ಲು ಸುಮ್ಮನೆ ಇಟ್ಟರೂ ತಾನಾಗಿಯೇ ನಿಧಾನವಾಗಿ ಖಾಲಿಯಾಗುತ್ತದೆ. ಇದಕ್ಕೆ ಸ್ವಯಂ ವಿಸರ್ಜನೆ ಎನ್ನುತ್ತಾರೆ. ಬಿಸಿ ಹೆಚ್ಚಿದ್ದಷ್ಟೂ ಇದು ಬೇಗ ನಡೆಯುತ್ತದೆ. ಆದ್ದರಿಂದ ಎರಡು ವಾರಕ್ಕೊಮ್ಮೆ ಚಾರ್ಜ್ ಮಾಡುವುದು ಒಳ್ಳೆಯ ಅಭ್ಯಾಸ. ಕಾರ್ಯಕ್ರಮವಿದ್ದರೆ ಹಿಂದಿನ ದಿನವೇ ಚಾರ್ಜ್ ಮಾಡಿಡಬೇಕು.

ಈಗ ಚಾರ್ಜರಿನ ಲೆಕ್ಕ. ಹಳೆಯ ಮಾದರಿಯ ನಿಧಾನ ಚಾರ್ಜರ್ 200 ಮಿಲಿ ಆಂಪಿಯರ್ ಪ್ರವಾಹ ಕೊಡುತ್ತದೆ ಎನ್ನಿ. 10 ಗಂಟೆ ಸಾಕು ಎನಿಸುತ್ತದೆ. ನಿಜವಾಗಿ 14ರಿಂದ 16 ಗಂಟೆ ಬೇಕು. ಕೊಟ್ಟ ವಿದ್ಯುತ್ತೆಲ್ಲವೂ ರಾಸಾಯನಿಕ ಶಕ್ತಿಯಾಗಿ ಉಳಿಯುವುದಿಲ್ಲ. ಒಂದು ಪಾಲು ಶಾಖವಾಗಿ ಹೋಗುತ್ತದೆ.

ನಮ್ಮ ಶಾಲೆ ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಎಂದರೆ 6 ಗಂಟೆ. ಒಂದು ದಿನದಲ್ಲಿ ಈ ಚಾರ್ಜಿಂಗ್ ಮುಗಿಯದು. ಹಾಗೆಂದು ರಾತ್ರಿಯಿಡೀ ಚಾರ್ಜರ್ ಹಾಕಿಟ್ಟು ಶಾಲೆಗೆ ಬೀಗ ಹಾಕಿ ಹೋಗಬಾರದು. ಯಾರೂ ಇಲ್ಲದಾಗ ಬಿಸಿಯಾದರೆ ಗಮನಿಸುವವರು ಯಾರು? ಇದಕ್ಕೆ ಎರಡು ದಾರಿಗಳಿವೆ. ಒಂದು, ಮೊದಲ ದಿನ 6 ಗಂಟೆ ಚಾರ್ಜ್ ಮಾಡಿ, ತೆಗೆದಿಟ್ಟು, ಮರುದಿನ ಮುಂದುವರಿಸುವುದು. ಹೀಗೆ ಕಂತಿನಲ್ಲಿ ಮಾಡಿದರೆ ಸೆಲ್ಲಿಗೆ ತೊಂದರೆಯಿಲ್ಲ. ಇನ್ನೊಂದು, ಚಾರ್ಜ್ ತುಂಬಿದೊಡನೆ ತಾನಾಗಿಯೇ ನಿಲ್ಲುವ ಚಾರ್ಜರ್ ಬಳಸುವುದು. ಅದು 500 ಮಿಲಿ ಆಂಪಿಯರ್ ಕೊಡುವುದಾದರೆ ಸುಮಾರು 5 ಗಂಟೆಯಲ್ಲಿ ಕೆಲಸ ಮುಗಿಯುತ್ತದೆ.

ತಾನಾಗಿಯೇ ನಿಲ್ಲಬೇಕು ಏಕೆ? ಸೆಲ್ ತುಂಬಿದ ಮೇಲೂ ವಿದ್ಯುತ್ ಹಾಯಿಸಿದರೆ ಹಿಮ್ಮುಖವಾಗಬೇಕಾದ ವಸ್ತು ಒಳಗೆ ಉಳಿದಿರುವುದಿಲ್ಲ. ಆಗ ವಿದ್ಯುತ್ತು ಶಾಖವಾಗಿ ಬದಲಾಗುತ್ತದೆ. ಅನಿಲವೂ ಉಂಟಾಗುತ್ತದೆ. ಚಾರ್ಜ್ ಆಗುವಾಗ ಸೆಲ್ ಉಗುರು ಬೆಚ್ಚಗಾಗುವುದು ಸಹಜ. ಮುಟ್ಟಿದರೆ ಕೈ ಸುಡುವಂತಿದ್ದರೆ ಕೂಡಲೇ ಶಿಕ್ಷಕರಿಗೆ ತಿಳಿಸಿ, ಅವರು ಸ್ವಿಚ್ ಆರಿಸಲಿ.

ಮೈಕ್ ಇದ್ದಕ್ಕಿದ್ದಂತೆ ನಿಲ್ಲುವುದೇಕೆ?

ಆಲ್ಕಲೈನ್ ಸೆಲ್ಲಿನ ವೋಲ್ಟೇಜು ಬಳಸುತ್ತಾ ಹೋದಂತೆ ಮೆಲ್ಲಮೆಲ್ಲನೆ ಇಳಿಯುತ್ತದೆ, ಇಳಿಜಾರಿನ ರಸ್ತೆಯಂತೆ. ನಿಕಲ್ ಸೆಲ್ಲಿನದು ಹಾಗಲ್ಲ. ಅದು ಬಹಳ ಹೊತ್ತು 1.2 ವೋಲ್ಟಿನ ಆಸುಪಾಸಿನಲ್ಲೇ ಸಮತಟ್ಟಾಗಿ ನಡೆದು, ಕೊನೆಯಲ್ಲಿ ಬಂಡೆಯ ಅಂಚಿನಿಂದ ಬಿದ್ದಂತೆ ಥಟ್ಟನೆ ಕುಸಿಯುತ್ತದೆ. ಮೈಕಿನ ಸೂಚಕ ದೀಪವು ವೋಲ್ಟೇಜನ್ನು ನೋಡಿ ಎಚ್ಚರಿಸುತ್ತದೆ. ನಿಕಲ್ ಸೆಲ್ ಇದ್ದಾಗ ಆ ಎಚ್ಚರಿಕೆ ತಡವಾಗಿ ಬರುತ್ತದೆ. ಕೆಂಪು ದೀಪ ಹತ್ತಿದ ಕೆಲವೇ ಹೊತ್ತಿನಲ್ಲಿ ದನಿ ನಿಂತುಹೋಗುತ್ತದೆ. ಆದ್ದರಿಂದ ದೀಪವನ್ನು ನಂಬಿ ಕೂರದೆ, ಬಳಸಿದ ಗಂಟೆಗಳನ್ನು ಬರೆದಿಡುವುದೇ ಜಾಣತನ.

ಎತ್ತುಗಳಂತೆ ಸೆಲ್ಲುಗಳೂ ಜೋಡಿ

ಹಲವು ಮೈಕುಗಳಲ್ಲಿ ಎರಡು ಸೆಲ್ಲುಗಳು ಸರಣಿಯಲ್ಲಿ ಇರುತ್ತವೆ. ಒಂದೇ ನೊಗಕ್ಕೆ ಬಲವಾದ ಎತ್ತು ಮತ್ತು ಬಡಕಲು ಎತ್ತನ್ನು ಕಟ್ಟಿದರೆ ಏನಾಗುತ್ತದೆ ಎಂದು ನಿಮ್ಮ ಮನೆಯ ಹಿರಿಯರನ್ನು ಕೇಳಿ. ಸೆಲ್ಲುಗಳದ್ದೂ ಅದೇ ಕಥೆ. ಹೊಸದರ ಜೊತೆ ಹಳೆಯದನ್ನು ಹಾಕಿದರೆ ಹಳೆಯದು ಮೊದಲು ಖಾಲಿಯಾಗುತ್ತದೆ. ಆಗಲೂ ಹೊಸ ಸೆಲ್ಲು ಖಾಲಿಯಾದ ಸೆಲ್ಲಿನ ಮೂಲಕವೇ ಪ್ರವಾಹವನ್ನು ಬಲವಂತವಾಗಿ ತಳ್ಳುತ್ತದೆ. ಖಾಲಿ ಸೆಲ್ಲಿನ ಧನ ಮತ್ತು ಋಣ ಅಗ್ರಗಳು ಅದಲುಬದಲಾಗುವಷ್ಟು ಅದು ಹಾಳಾಗಬಹುದು.

ಆದ್ದರಿಂದ ಒಂದೇ ಬಗೆಯ, ಒಂದೇ ಸಾಮರ್ಥ್ಯದ, ಒಟ್ಟಿಗೆ ಕೊಂಡ ಸೆಲ್ಲುಗಳನ್ನೇ ಜೋಡಿ ಮಾಡಬೇಕು. ಸೆಲ್ಲಿನ ಮೇಲೆ ಚಿಕ್ಕ ಚೀಟಿ ಅಂಟಿಸಿ ಒಂದು ಜೋಡಿಗೆ 'ಅ', ಇನ್ನೊಂದಕ್ಕೆ 'ಆ' ಎಂದು ಬರೆಯಿರಿ. 'ಅ' ಜೋಡಿ ಮೈಕಿನಲ್ಲಿರುವಾಗ 'ಆ' ಜೋಡಿ ಚಾರ್ಜ್ ಆಗಿ ಸಿದ್ಧವಾಗಿರಲಿ. ಒಂದು ಜೋಡಿ ಖಾಲಿಯಾದರೂ ನಿಮ್ಮ ಕಾರ್ಯಕ್ರಮ ನಿಲ್ಲದು.

'ಪೂರ್ತಿ ಖಾಲಿ ಮಾಡಿಯೇ ಚಾರ್ಜ್ ಮಾಡಬೇಕು' ನಿಜವೇ?

ಈ ಮಾತನ್ನು ನೀವು ಕೇಳಿರಬಹುದು. ಇದು ನಿಕಲ್ ಕ್ಯಾಡ್ಮಿಯಂ ಸೆಲ್ಲುಗಳ ಕಾಲದ ಮಾತು. 1899ರಲ್ಲಿ ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ರೂಪಿಸಿದ ಆ ಸೆಲ್ಲನ್ನು ಪದೇ ಪದೇ ಸ್ವಲ್ಪವೇ ಬಳಸಿ ಚಾರ್ಜ್ ಮಾಡಿದರೆ, ಅದರ ವೋಲ್ಟೇಜು ಬೇಗ ಇಳಿದು ಸಾಮರ್ಥ್ಯ ಕಡಿಮೆಯಾದಂತೆ ತೋರುತ್ತಿತ್ತು. ಇಂದಿನ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲಿನಲ್ಲಿ ಈ ದೋಷ ಬಹಳ ಕಡಿಮೆ. ಲಿಥಿಯಂ ಬ್ಯಾಟರಿಗಂತೂ ಪೂರ್ತಿ ಖಾಲಿ ಮಾಡುವುದೇ ಕೆಡುಕು. ಖಾಲಿಯಾದ ಲಿಥಿಯಂ ಬ್ಯಾಟರಿಯನ್ನು ತಿಂಗಳುಗಟ್ಟಲೆ ಹಾಗೆಯೇ ಬಿಟ್ಟರೆ ಅದು ಮತ್ತೆ ಚಾರ್ಜ್ ಆಗದೇ ಹೋಗಬಹುದು. ಕಾಲು ಭಾಗ ಉಳಿದಿರುವಾಗಲೇ ಚಾರ್ಜಿಗೆ ಹಾಕಿ. ಮೈಕಿನ ಜೊತೆ ಬಂದ ಅಥವಾ ಅದರ ಕೈಪಿಡಿಯಲ್ಲಿ ಹೇಳಿದ ಚಾರ್ಜರನ್ನೇ ಬಳಸಿ.

ಬೇಸಿಗೆ ರಜೆಯಲ್ಲಿ

ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗೆ ರಜೆ. ಕಲಬುರಗಿ, ರಾಯಚೂರುಗಳಲ್ಲಿ ಆಗ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ತಗಡಿನ ಛಾವಣಿಯ ಕೋಣೆಯಲ್ಲಿ ಬಿಸಿ ಇನ್ನೂ ಹೆಚ್ಚು. ಬಿಸಿಯಲ್ಲಿ ರಾಸಾಯನಿಕ ಕ್ರಿಯೆಗಳು ಚುರುಕಾಗುತ್ತವೆ. ಬೇಡದ ಕ್ರಿಯೆಗಳೂ ಚುರುಕಾಗುತ್ತವೆ. ಆದ್ದರಿಂದ ರಜೆಗೆ ಮುನ್ನ ಈ ಕೆಲಸಗಳನ್ನು ಮಾಡಿ.

* ಬಿಡಿ ಸೆಲ್ಲುಗಳನ್ನು ಮೈಕಿನಿಂದ ಹೊರತೆಗೆಯಿರಿ. ಒಳಗೇ ಬಿಟ್ಟರೆ ಸೋರಿ ಲೋಹದ ಪಟ್ಟಿಗಳನ್ನು ತಿಂದುಹಾಕುವ ಸಂಭವವಿದೆ.
* ಮೈಕಿನೊಳಗೇ ಇರುವ ಲಿಥಿಯಂ ಬ್ಯಾಟರಿಯನ್ನು ಸುಮಾರು ಅರ್ಧ ಚಾರ್ಜ್ ಮಾಡಿ, ಮೈಕನ್ನು ಪೂರ್ತಿ ಆಫ್ ಮಾಡಿ ಇಡಿ.
* ಕಿಟಕಿಯ ಬಿಸಿಲು ಬೀಳದ, ತೇವವಿಲ್ಲದ, ತಂಪಾದ ಜಾಗದಲ್ಲಿಡಿ.
* ಶಾಲೆ ತೆರೆದಾಗ ನಿಕಲ್ ಸೆಲ್ಲುಗಳನ್ನು ಚಾರ್ಜ್ ಮಾಡಿಯೇ ಬಳಸಿ. ಮೊದಲ ಸಲ ಬೇಗ ಖಾಲಿಯಾದರೆ ಎಸೆಯಬೇಡಿ. ಎರಡು ಮೂರು ಸಲ ಬಳಸಿ ಚಾರ್ಜ್ ಮಾಡಿದರೆ ಸಾಮರ್ಥ್ಯ ಬಹುಮಟ್ಟಿಗೆ ಮರಳುತ್ತದೆ.

ಎಚ್ಚರಿಕೆ!

* ಚಾರ್ಜರನ್ನು ಶಿಕ್ಷಕರ ಎದುರಿನಲ್ಲೇ ಬಳಸಿ. ಒದ್ದೆ ಕೈಯಿಂದ ಮುಟ್ಟಬೇಡಿ.
* ಸೆಲ್ಲಿನ ಎರಡು ಅಗ್ರಗಳನ್ನು ತಂತಿಯಿಂದ ನೇರವಾಗಿ ಜೋಡಿಸಬೇಡಿ. ನಾಣ್ಯ, ಬೀಗದ ಕೈಗಳ ಜೊತೆ ಜೇಬಿನಲ್ಲಿ ಇಡಬೇಡಿ. ಸೆಲ್ ಕಾದು ಸುಡುತ್ತದೆ.
* ಸೆಲ್ಲಿನ ಮೇಲೆ ಬಿಳಿ ಪುಡಿ ಅಥವಾ ದ್ರವ ಕಂಡರೆ ಬರಿಗೈಯಿಂದ ಮುಟ್ಟಬೇಡಿ. ಒಳಗಿನ ಕ್ಷಾರ ಹೊರಬಂದಿದೆ ಎಂದರ್ಥ. ಅದು ಚರ್ಮಕ್ಕೂ ಕಣ್ಣಿಗೂ ಅಪಾಯಕಾರಿ. ತಗುಲಿದರೆ ಹೆಚ್ಚು ನೀರಿನಿಂದ ತೊಳೆದು ಶಿಕ್ಷಕರಿಗೆ ಹೇಳಿ. ಕಣ್ಣಿಗೆ ತಗುಲಿದ್ದರೆ ವೈದ್ಯರ ಬಳಿ ಹೋಗಲೇಬೇಕು.
* ಲಿಥಿಯಂ ಬ್ಯಾಟರಿ ಉಬ್ಬಿದ್ದರೆ ಅದನ್ನು ಒತ್ತಬೇಡಿ, ಚುಚ್ಚಬೇಡಿ, ಚಾರ್ಜ್ ಮಾಡಬೇಡಿ. ಅದಕ್ಕೆ ಬೆಂಕಿ ಹತ್ತಬಹುದು.
* ಹಳೆಯ ಸೆಲ್ಲನ್ನು ಒಲೆಗೆ, ತಿಪ್ಪೆಗೆ, ಬಾವಿಗೆ ಎಸೆಯಬೇಡಿ. ಹಳೆಯ ಸೆಲ್ಲುಗಳಲ್ಲಿರುವ ಕ್ಯಾಡ್ಮಿಯಂ, ಸೀಸಗಳು ವಿಷಕಾರಿ ಲೋಹಗಳು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳ ಸಂಗ್ರಹ ಮತ್ತು ಮರುಬಳಕೆಯ ಹೊಣೆ ತಯಾರಕರದು. ಹಳೆಯ ಸೆಲ್ಲುಗಳ ಅಗ್ರಗಳಿಗೆ ಅಂಟುಪಟ್ಟಿ ಹಚ್ಚಿ, ಒಣಗಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಟ್ಟು, ಶಿಕ್ಷಕರ ಮೂಲಕ ಸಂಗ್ರಹ ಕೇಂದ್ರಕ್ಕೆ ತಲುಪಿಸಿ.

ಮಾಡಿ ನೋಡಿ: ಮೈಕಿನ ದಿನಚರಿ

ನಿಮ್ಮ ವಿಜ್ಞಾನ ಸಂಘದ ವತಿಯಿಂದ ಒಂದು ಪುಸ್ತಕ ಇಡಿ. ಪ್ರತಿ ಪುಟದಲ್ಲೂ ಐದು ಅಂಕಣಗಳಿರಲಿ: ದಿನಾಂಕ, ಸೆಲ್ ಜೋಡಿ (ಅ ಅಥವಾ ಆ), ಚಾರ್ಜ್ ಮಾಡಿದ ಗಂಟೆ, ಮೈಕ್ ಬಳಸಿದ ನಿಮಿಷ, ಷರಾ. ವಾರಕ್ಕೆ ಇಬ್ಬರಂತೆ ಸರದಿಯಲ್ಲಿ ಜವಾಬ್ದಾರಿ ವಹಿಸಿಕೊಳ್ಳಿ. ಎರಡು ತಿಂಗಳ ನಂತರ ಒಂದು ಚಾರ್ಜಿಗೆ ಪ್ರತಿ ಜೋಡಿ ಸರಾಸರಿ ಎಷ್ಟು ನಿಮಿಷ ಕೆಲಸ ಮಾಡಿತು ಎಂದು ಲೆಕ್ಕ ಹಾಕಿ ಸ್ತಂಭಾಲೇಖ ಬರೆಯಿರಿ. ಸರಾಸರಿ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಬಂದರೆ ನೀವು ನೋಡುತ್ತಿರುವುದು ಸೆಲ್ಲಿನ ಸವೆತವನ್ನು. ಸರಾಸರಿ ಮೊದಲಿನ ಅರ್ಧಕ್ಕೆ ಇಳಿದಾಗ ಹೊಸ ಜೋಡಿ ತರಿಸಲು ಮುಖ್ಯ ಶಿಕ್ಷಕರಿಗೆ ಪತ್ರ ಬರೆಯಿರಿ. ಪತ್ರದ ಜೊತೆ ಆಲೇಖವನ್ನೂ ಲಗತ್ತಿಸಿ. 'ಕೆಟ್ಟುಹೋಗಿದೆ' ಎಂಬ ಮಾತಿಗಿಂತ ಅಳೆದು ಬರೆದ ಅಂಕಿಗಳಿಗೆ ಬೆಲೆ ಹೆಚ್ಚು.

ಉತ್ತರ ಹುಡುಕಿ

1. 1600 ಎಂ.ಎ.ಎಚ್. ಸಾಮರ್ಥ್ಯದ ಸೆಲ್ಲುಗಳಿರುವ ಮೈಕ್ 160 ಮಿಲಿ ಆಂಪಿಯರ್ ಬಳಸಿದರೆ ಎಷ್ಟು ಗಂಟೆ ಕೆಲಸ ಮಾಡೀತು?
2. ಎರಡು ಆಲ್ಕಲೈನ್ ಸೆಲ್ಲುಗಳು ಸರಣಿಯಲ್ಲಿ ಕೊಡುವ ವೋಲ್ಟೇಜ್ ಎಷ್ಟು? ಎರಡು ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳು ಕೊಡುವುದೆಷ್ಟು?
3. ಮ್ಯೂಟ್ ಮಾಡಿಟ್ಟ ಮೈಕಿನ ಸೆಲ್ ಮರುದಿನ ಖಾಲಿಯಾಗಿತ್ತು. ಕಾರಣವೇನು?
4. ಟಾರ್ಚ್ ಸೆಲ್ಲನ್ನು ಬಿಸಿಲಿಗಿಟ್ಟರೆ ಕೆಲವೊಮ್ಮೆ ಸ್ವಲ್ಪ ಹೊತ್ತು ಮತ್ತೆ ಬೆಳಗುತ್ತದೆ. ಅದು ಚಾರ್ಜ್ ಆಯಿತೆಂದು ಹೇಳಬಹುದೇ? ಬಿಸಿಯಲ್ಲಿ ರಾಸಾಯನಿಕ ಕ್ರಿಯೆ ಏನಾಗುತ್ತದೆ ಎಂಬುದನ್ನು ನೆನೆದು ಗೆಳೆಯರೊಡನೆ ಚರ್ಚಿಸಿ.

(ಉತ್ತರ: 1. ಸುಮಾರು 10 ಗಂಟೆ. 2. 3 ವೋಲ್ಟ್, 2.4 ವೋಲ್ಟ್. 3. ದನಿ ನಿಂತರೂ ರೇಡಿಯೋ ತರಂಗಗಳು ಹೊರಡುತ್ತಲೇ ಇದ್ದವು. 4. ಇಲ್ಲ. ಉಳಿದಿದ್ದ ವಸ್ತುವಿನ ಕ್ರಿಯೆ ಬಿಸಿಗೆ ಚುರುಕಾಯಿತು, ಅಷ್ಟೇ. ಖರ್ಚಾದ ವಸ್ತು ಮರಳಿ ಬರಲಿಲ್ಲ. ಬಿಸಿಗೆ ಸೆಲ್ ಸೋರುವ ಅಪಾಯವೂ ಇರುವುದರಿಂದ ಇದನ್ನು ಮಾಡಬೇಡಿ.)